ಕೈಯ ಸನ್ನೆಯೋ, ವಿದ್ಯುತ್ತಿನ ಗುಂಡಿಯೋ?

ಹಳೆಯ ಸೈಕಲ್ಲುಗಳಿಗೆ ಡೈನಮೋ ಎಂಬ ಪುಟ್ಟ ಯಂತ್ರವೊಂದನ್ನು ಕಟ್ಟಿರುತ್ತಿದ್ದರು. ಕತ್ತಲಾದೊಡನೆ ಸವಾರನು ಇಳಿದು, ಅದರ ಮೋಟುಗೋಲನ್ನು ಬೆರಳಿನಿಂದ ಅದುಮುತ್ತಿದ್ದನು. ಸ್ಪ್ರಿಂಗಿನ ಬಲದಿಂದ ಡೈನಮೋದ ಉರುಳೆ ಟೈರಿನ ಮಗ್ಗುಲಿಗೆ ಒತ್ತಿಕೊಳ್ಳುತ್ತಿತ್ತು. ಗಾಲಿ ತಿರುಗಿದಂತೆ ಉರುಳೆಯೂ ತಿರುಗಿ ದೀಪ ಬೆಳಗುತ್ತಿತ್ತು. ಇದೇ ಏರ್ಪಾಟನ್ನು ತಲೆಕೆಳಗು ಮಾಡಿದರೆ ಏನಾದೀತು? ಗಾಲಿಯು ಉರುಳೆಯನ್ನು ತಿರುಗಿಸುವುದರ ಬದಲು, ಮೋಟಾರು ಕಟ್ಟಿದ ಉರುಳೆಯೇ ಗಾಲಿಯನ್ನು ತಿರುಗಿಸುತ್ತದೆ. ಗಾಡಿ ತಾನಾಗಿ ಚಲಿಸುತ್ತದೆ. ಯೂರೋಪಿನಲ್ಲಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಕ್ಯಾರವಾನ್ ಎಂಬ ಮನೆಬಂಡಿಗಳನ್ನು, ಕಾರಿನಿಂದ ಬಿಚ್ಚಿದ ಮೇಲೆ ಇಕ್ಕಟ್ಟಾದ ಅಂಗಳದಲ್ಲಿ ಹಿಂದೆ ಮುಂದೆ ಸರಿಸುವುದಕ್ಕೆ ಬಳಸುವ ಸಾಧನ ಇದೇ. ಇದನ್ನು ಮೂವರ್ ಎಂದು ಕರೆಯುತ್ತಾರೆ.

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ಮನೆಬಂಡಿಯ ಮೂವರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನಮ್ಮ ತಪ್ಪಿನಿಂದಲೇ ಹುಟ್ಟಿತು. ನಾವು ಪಾಠ ಹೇಳುವ ಕಾಲೇಜಿನಲ್ಲಿ ಎರಡು ಗಾಲಿಯ ಒಂದು ಬಂಡಿಯಿದೆ. ದೂರದರ್ಶಕ, ವಿದ್ಯುತ್ ಯಂತ್ರಗಳ ಮಾದರಿ ಮೊದಲಾದವನ್ನು ಅದರಲ್ಲಿ ಜೋಡಿಸಿ, ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳ ಪ್ರೌಢಶಾಲೆಗಳಿಗೆ ಕೊಂಡೊಯ್ಯುತ್ತೇವೆ. ಕಳೆದ ವರ್ಷ ಒಂದು ಸಂಜೆ, ಮಳೆ ನಿಂತ ಮೇಲೆ, ಎಂಟು ಮಂದಿ ವಿದ್ಯಾರ್ಥಿಗಳು ಆ ಬಂಡಿಯನ್ನು ಇಳಿಜಾರಿನ ಓಣಿಯೊಂದರಲ್ಲಿ ಮೇಲಕ್ಕೆ ನೂಕುತ್ತಿದ್ದರು. ಒಬ್ಬನ ಕಾಲು ಜಾರಿತು. ಉಳಿದವರ ಹಿಡಿತ ಸಡಿಲಿತು. ಬಂಡಿ ಹಿಂದಕ್ಕೆ ಉರುಳಿ ಒಬ್ಬ ಹುಡುಗನ ಪಾದದ ಮೂಳೆ ಮುರಿಯಿತು. ಗಾಲಿಗೆ ಅಡ್ಡವಾಗಿ ಮರದ ದಿಂಡನ್ನು ಇಡಿಸದೆ ಇದ್ದವರು ನಾವು. ಬಲದ ವಿಘಟನೆಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುವವರೇ ಓಣಿಯಲ್ಲಿ ಅದನ್ನು ಮರೆತೆವು.

ಅಂದಿನಿಂದ ಬಂಡಿಗೊಂದು ಮೂವರ್ ಬೇಕೆಂದು ನಿಶ್ಚಯವಾಯಿತು. ಆದರೆ ಅದರಲ್ಲಿ ಎರಡು ಬಗೆಗಳಿವೆ. ಎರಡರಲ್ಲಿಯೂ ಗಾಲಿಯನ್ನು ತಿರುಗಿಸುವುದು ಮೋಟಾರೇ. ಭೇದವಿರುವುದು ಉರುಳೆಯನ್ನು ಟೈರಿಗೆ ಒತ್ತುವ ಕ್ರಮದಲ್ಲಿ. ಒಂದರಲ್ಲಿ ಸನ್ನೆಕೋಲನ್ನು ಕೈಯಿಂದ ತಿರುಗಿಸಿ ಒತ್ತಬೇಕು. ಇನ್ನೊಂದರಲ್ಲಿ ಗುಂಡಿಯನ್ನು ಅದುಮಿದರೆ ಮತ್ತೊಂದು ಸಣ್ಣ ಮೋಟಾರು ಆ ಕೆಲಸವನ್ನು ಮಾಡುತ್ತದೆ. ನಮ್ಮ ವಿದ್ಯಾರ್ಥಿಗಳಲ್ಲಿ ಎರಡು ಪಕ್ಷಗಳಾದವು. ಕೈಯಿಂದ ಒತ್ತಲು ಬಹಳ ಶಕ್ತಿ ಬೇಕೆಂದು ಒಂದು ಪಕ್ಷ. ವಿದ್ಯುತ್ತಿನಿಂದ ಒತ್ತಿದರೆ ಬ್ಯಾಟರಿ ಬೇಗನೆ ಬರಿದಾಗುವುದೆಂದು ಇನ್ನೊಂದು ಪಕ್ಷ. ಎರಡು ವಾದಗಳನ್ನೂ ಲೆಕ್ಕದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಬಂಡಿಯ ರಾಶಿ 1200 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರು ಏರುವ ಇಳಿಜಾರಿನಲ್ಲಿ ಅದನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 1170 ನ್ಯೂಟನ್. ಗಾಲಿ ಉರುಳುವಾಗಿನ ತಡೆ, ತೂಕದ ನೂರರಲ್ಲಿ ಒಂದೂವರೆ ಪಾಲೆಂದು ಹಿಡಿದರೆ, ಇನ್ನೂ 180 ನ್ಯೂಟನ್. ಒಟ್ಟು 1350, ಅಂದರೆ ಒಂದೊಂದು ಉರುಳೆಯ ಪಾಲಿಗೆ 675 ನ್ಯೂಟನ್. ಉರುಳೆ ಜಾರದೆ ಇಷ್ಟು ಬಲವನ್ನು ಟೈರಿಗೆ ದಾಟಿಸಬೇಕಾದರೆ ಅದನ್ನು ಎಷ್ಟು ಬಿಗಿಯಾಗಿ ಒತ್ತಬೇಕು? ಅದು ಘರ್ಷಣಾಂಕವನ್ನು ಅವಲಂಬಿಸಿದೆ. ಒಣ ಟೈರಿನಲ್ಲಿ ಅದು 0.6 ಇದ್ದರೆ 1125 ನ್ಯೂಟನ್ ಸಾಕು. ಮಳೆಯಲ್ಲಿ ನೆನೆದು 0.4ಕ್ಕೆ ಇಳಿದರೆ ಸುಮಾರು 1700 ನ್ಯೂಟನ್ ಬೇಕು. ಇದು ಒಂದೂವರೆ ಕ್ವಿಂಟಾಲಿಗೂ ಮಿಕ್ಕ ಭಾರಕ್ಕೆ ಸಮ. ಕೇಳಿದರೆ ಎದೆ ನಡುಗುತ್ತದೆ.

ಆದರೆ ಬಲ ಬೇರೆ, ಕಾರ್ಯ ಬೇರೆ. ಉರುಳೆಯು ಟೈರಿನೊಳಕ್ಕೆ ಅದುಮಿಕೊಳ್ಳುವ ದೂರ 2 ಸೆಂಟಿಮೀಟರ್ ಎನ್ನೋಣ. ಬಲವು ಸೊನ್ನೆಯಿಂದ 1700ರ ವರೆಗೆ ಏರುವುದರಿಂದ ಸರಾಸರಿ 850 ನ್ಯೂಟನ್. ಇದನ್ನು ದೂರದಿಂದ ಗುಣಿಸಿದರೆ 17 ಜೌಲ್. ಎರಡು ಗಾಲಿಗಳಿಗೆ 34 ಜೌಲ್. ಹತ್ತು ಲೀಟರು ನೀರನ್ನು ನೆಲದಿಂದ ಮೊಣಕಾಲಿನೆತ್ತರಕ್ಕೂ ಎತ್ತಬೇಕಾಗಿಲ್ಲ, ಅಷ್ಟೇ ಕಾರ್ಯ. ಒಂದಕ್ಕೆ ಹತ್ತರ ಪ್ರಮಾಣದ ಸನ್ನೆಕೋಲನ್ನು ಕೊಟ್ಟರೆ, ಕೈ 20 ಸೆಂಟಿಮೀಟರ್ ಚಲಿಸಿ 170 ನ್ಯೂಟನ್ ಹಾಕಿದರೆ ಸಾಕು. ಕೀಲುಗಳ ಘರ್ಷಣೆಗಾಗಿ ಇನ್ನಷ್ಟು ಸೇರಿಸಿದರೂ ಆರೋಗ್ಯವಂತರಾದ ಯಾರಿಗೂ ಅದು ಹೊರೆಯಲ್ಲ. ಮೊದಲನೆಯ ಪಕ್ಷದ ವಾದ ಇಲ್ಲಿಗೆ ಬಿದ್ದಿತು.

ಎರಡನೆಯ ಪಕ್ಷದ ವಾದವೂ ನಿಲ್ಲುವುದಿಲ್ಲ. ಅದೇ ಬಂಡಿಯನ್ನು ಹತ್ತು ಮೀಟರು ಮೇಲಕ್ಕೆ ಸಾಗಿಸಲು ಬೇಕಾದ ಕಾರ್ಯ 13,500 ಜೌಲ್. ಒತ್ತುವ ಕಾರ್ಯದ ಸುಮಾರು 400 ಪಟ್ಟು. ಒಂದು ನಿಮಿಷದಲ್ಲಿ ಸಾಗಿಸುವುದಾದರೆ 225 ವ್ಯಾಟ್; ಮೋಟಾರು ಮತ್ತು ಹಲ್ಲುಗಾಲಿಗಳ ದಕ್ಷತೆ ನೂರಕ್ಕೆ ನಲವತ್ತು ಎಂದರೆ, 12 ವೋಲ್ಟಿನ ಬ್ಯಾಟರಿಯಿಂದ 47 ಆಂಪೇರ್ ಹರಿಯಬೇಕು. ಬ್ಯಾಟರಿಯನ್ನು ಬರಿದುಮಾಡುವುದು ಈ ಪ್ರಯಾಣವೇ ಹೊರತು ಉರುಳೆಯನ್ನು ಒತ್ತುವ ಅರೆ ನಿಮಿಷದ ಕೆಲಸವಲ್ಲ. ಊಟದ ಖರ್ಚಿನಲ್ಲಿ ಉಪ್ಪಿನ ಬೆಲೆಯನ್ನು ಹುಡುಕಿದಂತಾಯಿತು.

ಹಾಗಾದರೆ ಆಯ್ಕೆಗೆ ಆಧಾರ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ನಾವು ಪುಸ್ತಕದಲ್ಲಿ ಕಾಣಲಿಲ್ಲ. ಹಿಂದೆ ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದ, ಈಗ ಮಾರಿಕುಪ್ಪದಲ್ಲಿ ನೆಲೆಸಿರುವ ವೃದ್ಧರೊಬ್ಬರಿಂದ ಕೇಳಿದೆವು. ನಮ್ಮ ಲೆಕ್ಕವನ್ನೆಲ್ಲ ತಾಳ್ಮೆಯಿಂದ ಆಲಿಸಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಸಾರ್, ಕರೆಂಟು ಇದ್ದಾಗ ಯಂತ್ರ ಏನು ಮಾಡುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಕರೆಂಟು ಹೋದಾಗ ಏನು ಮಾಡುತ್ತೆ? ಅದನ್ನು ಮೊದಲು ಕೇಳಿ.”

ಈ ಮಾತಿನ ಹಿಂದೆ ಒಂದು ಊರಿನ ಅನುಭವವೇ ಇದೆ. ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಸುಮಾರು 92 ಮೈಲಿ ದೂರ ಹರಿದು 1902ರಲ್ಲಿ ಈ ಗಣಿಗಳನ್ನು ತಲಪಿತು. 2001ರಲ್ಲಿ ಗಣಿಗಳು ಮುಚ್ಚುವ ವೇಳೆಗೆ ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಇಳಿದಿತ್ತು. ಅಂಥ ಆಳದ ಬಾವಿಯಲ್ಲಿ ಮನುಷ್ಯರನ್ನು ಇಳಿಸಿ ಏರಿಸುವ ಯಂತ್ರದ ಬ್ರೇಕು ವಿದ್ಯುತ್ತನ್ನು ನಂಬಿಕೊಂಡಿದ್ದರೆ ಗತಿಯೇನು? ಆದ್ದರಿಂದ ವೈಂಡಿಂಗ್ ಎಂಜಿನ್ನುಗಳಲ್ಲಿ ಬ್ರೇಕನ್ನು ಹಾಕುವುದು ತೂಗುಬಿಟ್ಟ ಭಾರ ಇಲ್ಲವೆ ಸ್ಪ್ರಿಂಗು. ಅದನ್ನು ಎತ್ತಿ ಹಿಡಿಯುವುದು ಮಾತ್ರ ಅದುಮಿದ ಗಾಳಿ ಇಲ್ಲವೆ ಎಣ್ಣೆ. ಶಕ್ತಿ ತಪ್ಪಿದೊಡನೆ ಭಾರ ತಾನಾಗಿ ಇಳಿದು ಯಂತ್ರ ನಿಲ್ಲುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸನು 1872ರಲ್ಲಿ ರೂಪಿಸಿದ ರೈಲಿನ ಸ್ವಯಂಚಾಲಿತ ಬ್ರೇಕಿನ ತತ್ತ್ವವೂ ಇದೇ: ಕೊಳವೆಯ ಗಾಳಿ ಸೋರಿಹೋದರೆ ರೈಲು ಓಡಿಹೋಗುವುದಿಲ್ಲ, ನಿಲ್ಲುತ್ತದೆ. ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದಿನನಿತ್ಯ ಕೆಲಸಕ್ಕೆ ಹೋಗಿ ಬರುವ ಸಹಸ್ರಾರು ಜನರು ಈ ತತ್ತ್ವವನ್ನು ನಂಬಿಯೇ ಕಣ್ಣು ಮುಚ್ಚಿ ತೂಕಡಿಸುತ್ತಾರೆ.

ಈ ಪ್ರಶ್ನೆಯನ್ನು ಮೂವರಿಗೆ ಹಾಕಿ ನೋಡೋಣ. ಮೋಟಾರಿಗೂ ಉರುಳೆಗೂ ನಡುವೆ ಇರುವ ಹಲ್ಲುಗಾಲಿಗಳ ದೆಸೆಯಿಂದ, ವಿದ್ಯುತ್ತು ನಿಂತರೆ ಉರುಳೆ ಹಿಂದಕ್ಕೆ ತಿರುಗದೆ ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಇದು ಗುಣ. ಆದರೆ ಅದೇ ಹಿಡಿತದಿಂದಾಗಿ, ಉರುಳೆಯನ್ನು ಬಿಡಿಸುವವರೆಗೆ ಬಂಡಿಯನ್ನು ಎಳೆದೊಯ್ಯಲೂ ಆಗದು. ಕೈಸನ್ನೆಯದಾದರೆ ತಿರುಗಿಸಿ ಬಿಡಿಸಬಹುದು. ವಿದ್ಯುತ್ತಿನದಾದರೆ, ಬ್ಯಾಟರಿ ಸತ್ತ ಗಳಿಗೆಯಲ್ಲಿ ಅದನ್ನು ಬಿಡಿಸುವವರಾರು? ಒಳ್ಳೆಯ ತಯಾರಿಕೆಗಳಲ್ಲಿ ಸ್ಪ್ಯಾನರು ಹಾಕಿ ಕೈಯಿಂದ ಬಿಡಿಸುವ ದಾರಿಯನ್ನು ಇಟ್ಟಿರುತ್ತಾರೆ. ಅಂಥ ದಾರಿಯಿಲ್ಲದ ಯಂತ್ರವನ್ನು ಧರ್ಮಕ್ಕೆ ಕೊಟ್ಟರೂ ಕೊಳ್ಳಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

ಇನ್ನೊಂದು ಮುಖ್ಯ ಪ್ರಶ್ನೆ, ಕೈ ಎಲ್ಲಿರುತ್ತದೆ ಎಂಬುದು. ಕೈಸನ್ನೆಯವನು ಗಾಲಿಯ ಬಳಿ ಕುಕ್ಕರಿಸಬೇಕು. ಗಾಲಿಯನ್ನೂ ಟೈರಿನ ಗಾಳಿಯನ್ನೂ ಅಂಟಿದ ಕೆಸರನ್ನೂ ಅವನು ಕಣ್ಣಾರೆ ಕಾಣುತ್ತಾನೆ, ಇದು ಲಾಭ. ಆದರೆ ಬಂಡಿ ಜಾರಿದರೆ ಮೊದಲು ಸಿಕ್ಕಿಬೀಳುವವನೂ ಅವನೇ. ಗುಂಡಿ ಅದುಮುವವನು ದೂರ ನಿಂತಿರುತ್ತಾನೆ. ಅವನ ಪಾದ ಸುರಕ್ಷಿತ. ಆದರೆ ಉರುಳೆ ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಬಾಗಿ ನೋಡುವ ಅಭ್ಯಾಸ ಅವನಿಗೆ ಬೇಗನೆ ತಪ್ಪುತ್ತದೆ. ಯಾವ ಬಗೆಯಾದರೂ ಕೈಬ್ರೇಕು ಹಾಕಿ, ಗಾಲಿಗೆ ದಿಂಡು ಕೊಟ್ಟ ಮೇಲೆಯೇ ಉರುಳೆಯನ್ನು ಒತ್ತಬೇಕು. ಉರುಳೆ ಕೂತ ಮೇಲೆಯೇ ಬ್ರೇಕನ್ನು ಬಿಡಬೇಕು. ಕೆಲಸ ಮುಗಿದಾಗ ಮೊದಲು ಬ್ರೇಕು ಹಾಕಿ ಅನಂತರ ಉರುಳೆಯನ್ನು ತೆಗೆಯಬೇಕು. ಉರುಳೆಯನ್ನೇ ಬ್ರೇಕೆಂದು ನಂಬಿ ದಿನಗಟ್ಟಲೆ ಒತ್ತಿಟ್ಟರೆ ಟೈರು ತಗ್ಗುಬೀಳುತ್ತದೆ.

ಇಷ್ಟೆಲ್ಲ ಯೋಚಿಸಿ ನಮ್ಮ ಬಂಡಿಗೆ ನಾವು ಕೈಸನ್ನೆಯನ್ನೇ ಆರಿಸಿದೆವು. ತಿಂಗಳಿಗೆ ನಾಲ್ಕಾರು ಸಲ ಮಾತ್ರ ಉಪಯೋಗ, ಎರಡೇ ಗಾಲಿ, ಎರಡು ಉರುಳೆಗಳನ್ನೂ ಅಡ್ಡಸರಳೊಂದರಿಂದ ಜೋಡಿಸಿ ಒಂದೇ ಮಗ್ಗುಲಿನಿಂದ ಒತ್ತಬಹುದು, ಕೆಟ್ಟರೆ ಬಂಗಾರಪೇಟೆಯ ಯಾವ ವರ್ಕ್‌ಷಾಪಿನಲ್ಲಾದರೂ ಸರಿಮಾಡಿಸಬಹುದು. ಉಳಿದ ಹಣದಲ್ಲಿ ಕೈಬ್ರೇಕನ್ನು ಹೊಸದಾಗಿ ಹಾಕಿಸಿ, ನಾಲ್ಕು ಒಳ್ಳೆಯ ದಿಂಡುಗಳನ್ನು ಮಾಡಿಸಿದೆವು.

ಆದರೆ ಇದನ್ನು ಕೈಶ್ರಮದ ಹಿರಿಮೆಯೆಂದು ಯಾರೂ ಭಾವಿಸದಿರಲಿ. ನಾಲ್ಕು ಗಾಲಿಯ ಬಂಡಿಯಾಗಿದ್ದರೆ, ದಿನಕ್ಕೆ ಹತ್ತು ಸಲ ಸರಿಸಬೇಕಾಗಿದ್ದರೆ, ಸರಿಸುವವರು ಬೆನ್ನುನೋವಿನ ವೃದ್ಧರಾಗಿದ್ದರೆ, ವಿದ್ಯುತ್ತಿನ ಗುಂಡಿಯೇ ಯೋಗ್ಯ. ಅದನ್ನು ಸೋಮಾರಿತನವೆನ್ನುವುದು ಅನ್ಯಾಯ. ನಮ್ಮ ತರಗತಿಯಲ್ಲಿ ಕುಳಿತಿರುವ ಹಲವರ ತಾತಂದಿರು ಗಣಿಯ ಸುರಂಗಗಳಲ್ಲಿ ಅದಿರಿನ ತೊಟ್ಟಿಗಳನ್ನು ಮೈಬಲದಿಂದ ನೂಕಿದವರು. ಅವರ ಉಸಿರಾಟದ ಸದ್ದನ್ನು ಕೇಳಿ ಬೆಳೆದ ಮಕ್ಕಳಿಗೆ, ಮೈಮುರಿತವೇ ದೊಡ್ಡ ಗುಣವೆಂದು ಉಪದೇಶಿಸುವ ಹಕ್ಕು ನಮಗಿಲ್ಲ. ಯಂತ್ರವು ಯಾವ ಭಾರವನ್ನು ಹೊರಬೇಕು, ಕೈ ಯಾವುದನ್ನು ತನ್ನ ವಶದಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ವಿಂಗಡಿಸುವುದೇ ವಿವೇಕ. 13,500 ಜೌಲ್ ಮೋಟಾರಿನ ಪಾಲು. 34 ಜೌಲ್, ಮತ್ತು ಅದರೊಡನೆ ಕಣ್ಣಿನ ಎಚ್ಚರ, ನಮ್ಮ ಪಾಲು.

ಪಾದ ಮುರಿದುಕೊಂಡ ಹುಡುಗನು ಮೂರು ತಿಂಗಳ ಮೇಲೆ ಕಾಲೇಜಿಗೆ ಮರಳಿದನು. ಈಗ ಬಂಡಿ ಹೊರಡುವ ಮುನ್ನ ದಿಂಡುಗಳನ್ನು ಎಣಿಸಿ ಒಳಗಿಡುವ ಕೆಲಸವನ್ನು ಅವನೇ ಕೇಳಿ ಪಡೆದಿದ್ದಾನೆ. ನಾವು ಅದನ್ನು ಮತ್ತೊಮ್ಮೆ ಎಣಿಸುತ್ತೇವೆ.