ಕಾಫಿ ತೋಟದ ಕಾವಲಿಗೆ ನೈಟ್ ವಿಷನ್ ದಂಡ
ಸಕಲೇಶಪುರ, ಆಲೂರು ಕಡೆ ಆನೆ ಬರುವ ತೋಟಕ್ಕೆ ಡಿಜಿಟಲ್ ನೈಟ್ ವಿಷನ್ ಬೈನಾಕ್ಯುಲರ್ ಕೊಳ್ಳಬೇಕೇ? ಬಯಲು ಹೊಲಕ್ಕಾದರೆ ಸರಿ, ಕಾಫಿ ತೋಟಕ್ಕೆ ದಂಡ ಅಂತೀನಿ ನಾನು. ಗಾಢ ಕತ್ತಲಲ್ಲಿ ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ತಾಗಿ ವಾಪಸ್ ಬಂದದ್ದನ್ನು ಪರದೆಯಲ್ಲಿ ತೋರಿಸುತ್ತದೆ. ಎದುರಿಗೆ ಎಲೆಯೋ ಮಂಜೋ ಇದ್ದರೆ ಬೆಳಕು ಅಲ್ಲೇ ತಾಗಿ ಪರದೆ ಬೆಳ್ಳಗಾಗುತ್ತದೆ. ಹಿಂದೆ ನಿಂತ ಆನೆ ಕಾಣುವುದಿಲ್ಲ. ಡಬ್ಬಿ ಮೇಲಿನ ಮೀಟರ್ ಲೆಕ್ಕ ನಮ್ಮ ತೋಟದ್ದಲ್ಲ. ಮೈಬಿಸಿ ಹಿಡಿಯುವ ಥರ್ಮಲ್ ಯಂತ್ರಕ್ಕೆ ಎಲೆ ಸಂದಿಯಲ್ಲಿ ಸ್ವಲ್ಪ ಮೈ ಕಂಡರೂ ಸಾಕು. ಬೆಲೆ ಜಾಸ್ತಿ, ನಾಲ್ಕೈದು ಮನೆಯವರು ಸೇರಿ ಒಂದು ಕೊಳ್ಳಿ. ಬೇಟೆಗೆ ಬೇಕು ಅನ್ನುವವರಿಗೆ ಒಂದೇ ಮಾತು: 1972ರ ವನ್ಯಜೀವಿ ಕಾಯ್ದೆಯಡಿ ಬೇಟೆ ಅಪರಾಧ. ಯಾವುದೇ ಆಗಲಿ, ಅಮಾವಾಸ್ಯೆ ರಾತ್ರಿ ನಿಮ್ಮ ಅಂಗಳದಿಂದಲೇ ತೋಟದ ಕಡೆ ಹಿಡಿದು ನೋಡಿ. ವಾಪಸ್ ತಗೊಳ್ಳಲ್ಲ ಅನ್ನುವ ಅಂಗಡಿಯವನ ಹತ್ತಿರ ಕೊಳ್ಳಬೇಡಿ.