ದಂಡದ ರಸೀದಿ ಆರೋಗ್ಯ ಯೋಜನೆಯಲ್ಲ

2025ರ ಅಕ್ಟೋಬರ್ 30ರಂದು ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಸಿಬ್ಬಂದಿ ನಗರದ ಹಲವೆಡೆ ಮನೆಗಳ ಮುಂದೆ ಕಸ ತಂದು ಸುರಿದರು. ರಸ್ತೆ ಬದಿಯಲ್ಲಿ ಕಸ ಎಸೆದವರನ್ನು ಮಾರ್ಷಲ್‌ಗಳು ಮೊದಲೇ ವಿಡಿಯೊ ಮಾಡಿಕೊಂಡಿದ್ದರು. ಅವರ ಮನೆ ಹುಡುಕಿ, ಬಾಗಿಲಿಗೆ ಕಸ ಹಾಕಿ, ದಂಡವನ್ನೂ ವಿಧಿಸಿದರು. ಈ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಸ ಸುರಿಯುವ ಹಬ್ಬ’. ಊರು ಎರಡು ಪಾಲಾಯಿತು. ಸರಿಯಾಗಿಯೇ ಮಾಡಿದ್ದಾರೆ ಎನ್ನುವವರು ನಮ್ಮ ಮಹಾಲಕ್ಷ್ಮಿ ಲೇಔಟ್‌ನಲ್ಲೂ ಕಡಿಮೆಯೇನಿಲ್ಲ. ತಾವು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಟ್ಟರೂ ರಾತ್ರೋರಾತ್ರಿ ಯಾರೋ ಬೈಕಿನಲ್ಲಿ ಬಂದು ಮೂಲೆಯಲ್ಲಿ ಚೀಲ ಬಿಸಾಡಿ ಹೋಗುವುದನ್ನು ವರ್ಷಗಟ್ಟಲೆ ಕಂಡವರ ಸಿಟ್ಟು ಅದು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅಂದು ನಡೆದದ್ದನ್ನು ನಾನು ಒಪ್ಪಲಾರೆ. ಕಸ ಎತ್ತಲೆಂದೇ ಕಟ್ಟಿದ ಸಂಸ್ಥೆ ಕಸ ಸುರಿಯಲು ಇಳಿಯಿತು ಎಂದರೆ, ನಮ್ಮ ಬೀದಿಯ ಆರೋಗ್ಯವನ್ನು ನೋಡಿಕೊಳ್ಳಬೇಕಾದವರು ತಮ್ಮ ಕೆಲಸದ ಅರ್ಥವನ್ನೇ ಕೈಬಿಟ್ಟಿದ್ದಾರೆ ಎಂದಾಯಿತು.

ಆ ಚೀಲ ಬಿಸಾಡುವವರಲ್ಲಿ ಎಂಥವರೆಲ್ಲ ಇದ್ದಾರೆ ಎಂದು ಯಾರಾದರೂ ಕೇಳಿದ್ದಾರೆಯೇ? ಕುರುಬರಹಳ್ಳಿ, ಕಮಲಾನಗರ, ಮಾರಪ್ಪನಪಾಳ್ಯದ ಒಂದೊಂದು ರೂಮಿನ ಬಾಡಿಗೆ ಮನೆಗಳಿಂದ ಬೆಳಿಗ್ಗೆ ಬೇಗ ಹೊರಟು ಪೀಣ್ಯ, ಗೊರಗುಂಟೆಪಾಳ್ಯದ ಕಾರ್ಖಾನೆಗಳಿಗೆ, ಗಾರ್ಮೆಂಟ್ಸ್‌ಗೆ ಹೋಗುವವರಿದ್ದಾರೆ. ಕಸದ ಆಟೊ ಬರುವ ಹೊತ್ತಿಗೆ ಮನೆಗೆ ಬೀಗ. ಸಂಜೆ ಮರಳಿದಾಗ ಆಟೊ ಇಲ್ಲ, ಇಡಲು ಜಾಗವಿಲ್ಲ, ಮಾರನೆಯ ದಿನವೂ ಅದೇ ಕತೆ. ಕಾರಿನಿಂದ ಎಸೆದು ಹೋಗುವ ಸೋಮಾರಿಯೂ ಇದ್ದಾನೆ, ಅವನಿಗೆ ದಂಡ ಬೀಳಲಿ. ಆದರೆ ಇಬ್ಬರಿಗೂ ಒಂದೇ ಮದ್ದು ಕೊಡುವುದು ಆಡಳಿತವಲ್ಲ. ಯಾವ ಬೀದಿಯಲ್ಲಿ ಎಷ್ಟು ಮನೆಗಳಿಗೆ ಬೆಳಗಿನ ಆಟೊ ಸಿಗುವುದಿಲ್ಲ ಎಂದು ಎಣಿಸಿ, ಸಂಜೆಗೊಂದು ಸರದಿ ಇಟ್ಟಿದ್ದರೆ ಎಷ್ಟೋ ಕಸದ ರಾಶಿಗಳು ತಾವಾಗಿ ಕರಗುತ್ತಿದ್ದವು. ಇಂಥ ಕೆಲಸಕ್ಕೆ ಬೀದಿ ಬೀದಿ ತಿರುಗಿ ಬಲ್ಲ ಒಬ್ಬ ಅಧಿಕಾರಿ ಬೇಕು. ವಿಡಿಯೊ ತೆಗೆಯಲು ಮಾತ್ರ ಯಾರಾದರೂ ಸಾಕು.

ಇದು ಒಂದು ದಿನದ ಅತಿರೇಕವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. 2024ರ ಮಾರ್ಚ್‌ನಲ್ಲಿ ನಗರ ನೀರಿಲ್ಲದೆ ಒದ್ದಾಡುತ್ತಿದ್ದಾಗ ಜಲಮಂಡಳಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಿತು. ಜನ ಡ್ರಮ್ಮು, ಬಕೆಟ್ಟು, ಕೊಡ, ಸಿಕ್ಕಿದ್ದರಲ್ಲೆಲ್ಲ ನೀರು ಹಿಡಿದಿಟ್ಟರು. ಮಳೆಗಾಲ ಬಂದಿತು, ಡೆಂಗಿ ಏರಿತು. ಜುಲೈನಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಸೆಪ್ಟೆಂಬರ್ ಆರಂಭದ ಹೊತ್ತಿಗೆ ರಾಜ್ಯದಲ್ಲಿ 24 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೆಂಗಳೂರಿನವು. ಆಗ ಸರ್ಕಾರ 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಡಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಮರಿ ಸಿಕ್ಕರೆ ದಂಡ ಎಂದಿತು. ನಗರದ ಮನೆಗೆ 400 ರೂಪಾಯಿ, ಅಂಗಡಿ, ಕಚೇರಿ, ಹೋಟೆಲುಗಳಿಗೆ 1,000, ಕಟ್ಟಡ ಕಾಮಗಾರಿ ಮತ್ತು ಖಾಲಿ ಸೈಟಿಗೆ 2,000. ನೀರು ಚೆಲ್ಲಿದರೂ ದಂಡ, ಹಿಡಿದಿಟ್ಟರೂ ದಂಡ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಡ್ರಮ್ಮು ಏಕೆ ಇದೆ ಎಂಬ ಪ್ರಶ್ನೆ ಮಾತ್ರ ಯಾವ ಆದೇಶದಲ್ಲೂ ಇರಲಿಲ್ಲ.

ಡೆಂಗಿ ದಂಡದ ಹಿಂದೆ ವಿಜ್ಞಾನ ಇದೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೋರಿಯ ಕೊಳಕಿಗಿಂತ ಮನೆಯ ಒಳ್ಳೆಯ ನೀರನ್ನೇ ಇಷ್ಟಪಡುತ್ತದೆ. ಮುಚ್ಚಳ ಸರಿಯಿಲ್ಲದ ಸಂಪು, ತಾರಸಿಯ ಟ್ಯಾಂಕು, ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ಬಸಿ, ಎಳನೀರಿನ ಚಿಪ್ಪು, ಹಳೆ ಟೈರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಒಂದೂವರೆ ವಾರ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಪಾತ್ರೆ ತಿಕ್ಕಿ ಒಣಗಿಸಬೇಕು. ತಿಕ್ಕಲೇಬೇಕು, ಏಕೆಂದರೆ ಅಂಚಿಗಂಟಿದ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಸಂಜೆ ಬೀದಿಯಲ್ಲಿ ಹೊಗೆ ಬಿಟ್ಟು ಹೋಗುವ ಫಾಗಿಂಗ್ ಯಂತ್ರ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ಅದೂ ಹೊಗೆ ಇರುವಷ್ಟು ಹೊತ್ತು. ಈಡಿಸ್ ಕಚ್ಚುವುದು ಹಗಲಲ್ಲಿ, ಅಡಗುವುದು ಮನೆಯೊಳಗೆ. ಆದ್ದರಿಂದ ಮನೆಯವರ ಜವಾಬ್ದಾರಿ ದೊಡ್ಡದು, ನಿಜ.

ಆದರೆ ಮನೆಯೊಳಗೆ ಹೋಗಿ ಸಂಪಿನ ಮುಚ್ಚಳ ಎತ್ತಿಸಿ ನೋಡುವವರು ಯಾರು? ಆಶಾ ಕಾರ್ಯಕರ್ತೆಯರು, ಕಿರಿಯ ಆರೋಗ್ಯ ಸಹಾಯಕಿಯರು, ದಿನಗೂಲಿಯ ಸ್ವಯಂಸೇವಕರು. 2025ರ ಜನವರಿಯ ಚಳಿಯಲ್ಲಿ ಇದೇ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಕೇಳಿ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂರಬೇಕಾಯಿತು. 10 ಸಾವಿರದ ಭರವಸೆ ಪಡೆದು ಮನೆಗೆ ಹೋದರು. ಯಾರ ಕಣ್ಣಿನ ಮೇಲೆ ಇಡೀ ಡೆಂಗಿ ನಿಯಂತ್ರಣ ನಿಂತಿದೆಯೋ ಅವರಿಗೆ ಸಂಬಳ ಎನ್ನುವುದೇ ಇಲ್ಲ, ಗೌರವಧನ. ಅವರು ತಂದುಕೊಡುವ ಲಾರ್ವಾ ಸಮೀಕ್ಷೆಯ ಲೆಕ್ಕವೇನಾಗುತ್ತದೆ? ನೂರು ಮನೆ ನೋಡಿದರೆ ಎಷ್ಟರಲ್ಲಿ ಮರಿ ಸಿಕ್ಕವು ಎಂಬ ಸೂಚ್ಯಂಕ ಪ್ರತಿ ಬಡಾವಣೆಗೂ ತೆಗೆಯಬಹುದು. ಅದನ್ನು ಶಂಕರಮಠದ ವಾರ್ಡಿನವರಿಗೆ, ನಂದಿನಿ ಲೇಔಟ್‌ನವರಿಗೆ, ವೃಷಭಾವತಿ ನಗರದವರಿಗೆ ತಿಳಿಸಿದರೆ ಬೀದಿಯೇ ಎಚ್ಚರಗೊಳ್ಳುತ್ತದೆ. ನಮ್ಮ ಬೀದಿಯ ಲೆಕ್ಕ ನಮ್ಮ ಕಣ್ಣಿಗೆ ಬೀಳುವಂತೆ ಗೋಡೆಗೆ ಅಂಟಿಸಿದ್ದನ್ನು ನಾನು ಕಂಡಿಲ್ಲ.

ಸಿಂಗಪುರದಲ್ಲೂ ದಂಡ ಇದೆ ಎಂದು ವಾದಿಸುವವರಿದ್ದಾರೆ. ಇದೆ; ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ಅಲ್ಲಿ 200 ಡಾಲರ್ ಕಟ್ಟಬೇಕು. ಅದರ ಜೊತೆಗೆ ಏನೇನಿದೆ ಎಂಬುದನ್ನೂ ಅವರು ಹೇಳಬೇಕು. ಸೊಳ್ಳೆ, ಕಸ ಎರಡೂ ರಾಷ್ಟ್ರೀಯ ಪರಿಸರ ಸಂಸ್ಥೆ ಎಂಬ ಒಂದೇ ಮನೆಯಲ್ಲಿವೆ. ಡೆಂಗಿ ಕಾಣಿಸಿದ ಬೀದಿಗಳ ನಕ್ಷೆ, ಪ್ರಕರಣಗಳ ಸಂಖ್ಯೆ ಸಹಿತ, ಎಲ್ಲರಿಗೂ ತೆರೆದಿದೆ. ಪ್ರಕರಣ ಹತ್ತು ಮುಟ್ಟಿದ ಪ್ರದೇಶದಲ್ಲಿ ಕೆಂಪು ಬ್ಯಾನರ್ ಕಟ್ಟುತ್ತಾರೆ. ಇವೆಲ್ಲ ಆದ ಮೇಲೆ ಬರುವುದು ದಂಡ. ನಾವು ಕೊನೆಯ ಮೆಟ್ಟಿಲನ್ನು ಮಾತ್ರ ಎತ್ತಿಕೊಂಡು ಬಂದಿದ್ದೇವೆ.

ಇನ್ನು ಮೋರಿಯ ಮಾತು. ಮಹಾಲಕ್ಷ್ಮಿ ಲೇಔಟ್ ಸುತ್ತಲಿನ ರಾಜಕಾಲುವೆಗಳು ಸೇರುವುದು ವೃಷಭಾವತಿಯನ್ನು. ಆ ನೀರು ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಕಾವೇರಿಗೆ ಹೋಗುತ್ತದೆ. ಈ ಒಂದು ಕಾಲುವೆಯ ದಡದಲ್ಲಿ ನಿಂತು ದೂರು ಕೊಡಲು ಹೊರಡಿ. ಕಾಲುವೆಯ ಗೋಡೆ ಮತ್ತು ಹೂಳು ಪಾಲಿಕೆಯ ಎಂಜಿನಿಯರುಗಳದು. ಅದಕ್ಕೆ ಸೇರುವ ಒಳಚರಂಡಿ ಜಲಮಂಡಳಿಯದು. ಮೇಲಿಂದ ಬರುವ ಕಾರ್ಖಾನೆಯ ಬಣ್ಣದ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯದು. ಅದರಲ್ಲಿ ತೇಲುವ ಪ್ಲಾಸ್ಟಿಕ್ ಘನತ್ಯಾಜ್ಯ ಕಂಪನಿಯದು. ಅಲ್ಲಿ ಹುಟ್ಟುವ ಕ್ಯುಲೆಕ್ಸ್ ಸೊಳ್ಳೆ ಆರೋಗ್ಯ ವಿಭಾಗದ್ದು. ಒಂದು ಕಾಲಕ್ಕೆ ಕಸ, ಮೋರಿ, ಸೊಳ್ಳೆ, ಹೋಟೆಲಿನ ಅಡುಗೆಮನೆ ಎಲ್ಲವೂ ಪಾಲಿಕೆಯ ಆರೋಗ್ಯಾಧಿಕಾರಿಯ ಕೈಕೆಳಗೆ ಇದ್ದವು. ಈಗ ಆ ಅಧಿಕಾರಿಗೆ ಜ್ವರದ ಲೆಕ್ಕ ಉಳಿದಿದೆ, ಜ್ವರದ ಕಾರಣಗಳೆಲ್ಲ ಬೇರೆಯವರ ಪಾಲಾಗಿವೆ.

2017ರ ಅಕ್ಟೋಬರ್ 13ರ ರಾತ್ರಿಯ ಮಳೆಯನ್ನು ಕುರುಬರಹಳ್ಳಿಯ ಜನ ಮರೆತಿಲ್ಲ. ಗೋಡೆ ಕುಸಿದು ದಂಪತಿ ತೀರಿಕೊಂಡರು, ದೇವಸ್ಥಾನದ ಅರ್ಚಕರೊಬ್ಬರು ರಾಜಕಾಲುವೆಯಲ್ಲಿ ಕೊಚ್ಚಿಹೋದರು. ಆ ಮಳೆಗೆ ನಗರದಲ್ಲಿ ಸತ್ತವರು ಐವರು. ಆಗ ಕಾರ್ಪೊರೇಟರ್ ಇದ್ದರು, ಇದ್ದೂ ಸಾವು ತಪ್ಪಲಿಲ್ಲ ಎಂದು ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ಆದರೆ ಮಾರನೆಯ ಬೆಳಿಗ್ಗೆ ಜನ ಹೋಗಿ ಕೇಳಲು ಒಂದು ಮುಖವಿತ್ತು. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. ಆರು ವಾರದಲ್ಲಿ ಚುನಾವಣೆ ನಡೆಸಿ ಎಂದು ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆಮೇಲೆ ವಾರ್ಡ್ ವಿಂಗಡಣೆ, ಮೀಸಲಾತಿ, ಹೊಸ ಕಾಯ್ದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಹುಟ್ಟಿದವು, ನಾವು ಬೆಂಗಳೂರು ಪಶ್ಚಿಮ ನಗರ ಪಾಲಿಕೆಯವರಾದೆವು. ಅದು ಹುಟ್ಟಿದ್ದು ಚುನಾಯಿತ ಸದಸ್ಯರಿಲ್ಲದೆ. ಕೋವಿಡ್‌ನ ಎರಡನೇ ಅಲೆ, 2024ರ ಬರ, ಡೆಂಗಿ, ಕಸದ ಹೊಸ ಶುಲ್ಕ, ಕಸ ಸುರಿಯುವ ಹಬ್ಬ ಎಲ್ಲವೂ ನಮ್ಮ ಮೇಲೆ ಹಾದುಹೋದದ್ದು ನಮ್ಮ ವಾರ್ಡಿನ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವ ಒಬ್ಬರೂ ಇಲ್ಲದಾಗ. ಸಂವಿಧಾನದ ಹನ್ನೆರಡನೇ ಅನುಸೂಚಿಯು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಕಸ ವಿಲೇವಾರಿಯನ್ನು ನಗರಸಭೆಗಳಿಗೆ ಕೊಟ್ಟದ್ದು ಅಲಂಕಾರಕ್ಕಲ್ಲ.

ಊರಿನ ಆರೋಗ್ಯದ ಹೊಣೆಯನ್ನು ಒಂದೇ ಕೈಗೆ ಒಪ್ಪಿಸುವುದು ಈ ನಾಡಿಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮೈಸೂರು ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರ್ ಆಗಿ ಮಾಡಿತು. ಅಂದಿನ ಕ್ರಮಗಳಲ್ಲಿ ಬಲವಂತ ಇತ್ತು, ಬಡವರು ನೊಂದರು. ಆದರೆ ಅದರ ಬೆನ್ನಿಗೇ ಗಾಳಿ ಬೆಳಕಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು, ಮನೆಗಳ ಹಿಂದೆ ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿಗಳು ಬಂದವು. 1929ರಲ್ಲಿ ಸಂಸ್ಥಾನವು ಮಂಡ್ಯದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಹೆಲ್ತ್ ಯೂನಿಟ್ ತೆರೆಯಿತು. ಗಡಿ ಗುರುತಿಸಿದ ಒಂದು ಪ್ರದೇಶ, ಅಲ್ಲಿನ ರೋಗತಡೆಯ ಕೆಲಸಗಳೆಲ್ಲ ಒಬ್ಬ ಆರೋಗ್ಯಾಧಿಕಾರಿಯ ಹೊಣೆ: ಅದರ ತಿರುಳು ಇಷ್ಟೇ. ಸುಮಾರು ನೂರು ವರ್ಷದ ಹಿಂದೆ ಮಂಡ್ಯಕ್ಕೆ ಸಾಧ್ಯವಾದದ್ದು ಇಂದು ಮಹಾಲಕ್ಷ್ಮಿ ಲೇಔಟ್‌ಗೆ ಏಕೆ ಆಗದು?

ಹಣದ ಕೊರತೆ ಎಂದು ಹೇಳಬೇಡಿ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆ ಕಸದ ಬಳಕೆದಾರ ಶುಲ್ಕವನ್ನೂ ವಸೂಲಿ ಮಾಡುತ್ತಿದ್ದಾರೆ, ವಸತಿ ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ಕಟ್ಟುವವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಪಶ್ಚಿಮ ಪಾಲಿಕೆ ಹೊಸದು, ಅದರ ಅಭ್ಯಾಸಗಳು ಇನ್ನೂ ಗಟ್ಟಿಯಾಗಿಲ್ಲ. ಹಾಗಾಗಿ ಇದನ್ನು ಈಗಲೇ ಕೇಳಬೇಕು. ಮಹಾಲಕ್ಷ್ಮಿ ಲೇಔಟ್ ಕ್ಷೇತ್ರಕ್ಕೆ ಒಬ್ಬ ಪರಿಸರ ಆರೋಗ್ಯಾಧಿಕಾರಿಯನ್ನು ನೇಮಿಸಿ. ಕಸದ ಆಟೊ ತಪ್ಪಿದರೆ ಘನತ್ಯಾಜ್ಯ ಕಂಪನಿಗೆ, ಒಳಚರಂಡಿ ಉಕ್ಕಿದರೆ ಜಲಮಂಡಳಿಗೆ, ಕಾಲುವೆಗೆ ವಿಷದ ನೀರು ಬಿಟ್ಟರೆ ಮಾಲಿನ್ಯ ಮಂಡಳಿಗೆ ನೋಟಿಸ್ ಕೊಡುವ ಮತ್ತು ಉತ್ತರ ಪಡೆಯುವ ಅಧಿಕಾರ ಅವರಿಗಿರಲಿ. ಸೊಳ್ಳೆ ಮರಿಯ ಮೊದಲ ದಂಡ ಸರ್ಕಾರದ ಜಾಗಕ್ಕೇ ಬೀಳಲಿ: ಪೊಲೀಸ್ ಠಾಣೆಗಳ ಮುಂದೆ ತುಕ್ಕು ಹಿಡಿದು ಮಳೆನೀರು ತುಂಬಿಕೊಂಡ ಜಪ್ತಿ ವಾಹನಗಳು, ಅಗೆದು ಬಿಟ್ಟ ಗುಂಡಿಗಳು, ಅರ್ಧಕ್ಕೆ ನಿಂತ ಕಾಮಗಾರಿಗಳು, ಕಚೇರಿಗಳ ತೆರೆದ ಟ್ಯಾಂಕುಗಳು. ಆ ದಂಡ ಯಾವ ಅಧಿಕಾರಿಯ ಹೆಸರಿಗೆ ಬಿತ್ತು ಎಂಬುದು ವಾರ್ಡ್ ಕಚೇರಿಯ ಬೋರ್ಡಿನ ಮೇಲಿರಲಿ. ಅದರ ಪಕ್ಕದಲ್ಲೇ ಆ ವಾರದ ಲಾರ್ವಾ ಸೂಚ್ಯಂಕ, ಡೆಂಗಿ ಪ್ರಕರಣ, ಕಸದ ಆಟೊ ಬಾರದ ಬೀದಿಗಳ ಪಟ್ಟಿ ಇರಲಿ. ತಿಂಗಳಿಗೊಮ್ಮೆ ವಾರ್ಡ್ ಸಮಿತಿ ಸೇರಿ ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಲಿ. ಸಂಪಿಗೆ ಮುಚ್ಚಳ ಹಾಕಿಸಲು ಕೈಯಲ್ಲಿ ಕಾಸಿಲ್ಲದ ಮನೆಗೆ 400 ರೂಪಾಯಿಯ ರಸೀದಿ ಹರಿದು ಕೊಡುವ ಬದಲು ಮುಚ್ಚಳವನ್ನೇ ಕೊಡಲಿ, ಮಳೆಗಾಲಕ್ಕೆ ಮುಂಚೆ.

ಇವುಗಳಲ್ಲಿ ಒಂದಕ್ಕೂ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ; ಮನಸ್ಸು ಮಾಡಿದರೆ ಪಾಲಿಕೆ ಆಯುಕ್ತರು ಮತ್ತು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಧ್ಯಕ್ಷರಾದ ಮುಖ್ಯಮಂತ್ರಿಗಳು ಕೂತು ಆದೇಶದಲ್ಲೇ ಬಗೆಹರಿಸಬಲ್ಲರು. ಅಲ್ಲಿಯವರೆಗೆ ಯಾವ ಮನೆಯ ಬಾಗಿಲಿಗೂ ಪಾಲಿಕೆಯ ಹೆಸರಿನಲ್ಲಿ ಕಸ ಸುರಿಯುವುದನ್ನು ನಿಲ್ಲಿಸಬೇಕು. ಆ ಬಾಗಿಲಿನ ಹಿಂದೆ ತಪ್ಪು ಮಾಡಿದವನೊಬ್ಬನೇ ಇರುವುದಿಲ್ಲ. ಮಗು ಇರುತ್ತದೆ, ದಮ್ಮಿನ ಅಜ್ಜಿ ಇರುತ್ತಾರೆ, ಕೆಳಗಿನ ಮನೆಯ ಬಾಡಿಗೆಯವರಿರುತ್ತಾರೆ. ಸುರಿದ ಆ ರಾಶಿಯನ್ನು ಮತ್ತೆ ಬಾಚಿ ಎತ್ತಬೇಕಾದವರು ನಮ್ಮ ಪೌರಕಾರ್ಮಿಕರು.