ಕ್ರೀಡಾ ಕೀರ್ತಿಮಂದಿರದಲ್ಲಿ ಯಾರ ಚಿತ್ರ?

2025ನೆಯ ಇಸವಿ ಮಾರ್ಚ್ 2ರಂದು ನಾಗಪುರದ ಜಾಮ್ಠಾ ಮೈದಾನದಲ್ಲಿ ವಿದರ್ಭ ತಂಡವು ಕೇರಳದ ವಿರುದ್ಧ ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಮೂರನೆಯ ಬಾರಿ ರಣಜಿ ಟ್ರೋಫಿಯನ್ನು ಗೆದ್ದುಕೊಂಡಿತು. ಆ ಅಂತಿಮ ಪಂದ್ಯದಲ್ಲಿ 86 ಮತ್ತು 135 ರನ್ನುಗಳನ್ನು ಗಳಿಸಿದ ಕರುಣ್ ನಾಯರ್ ಅವರು ಬೆಂಗಳೂರಿನಲ್ಲಿ ಬೆಳೆದು ಕರ್ನಾಟಕದ ಪರವಾಗಿ ಆಡಿದವರು. ಅಲ್ಲಿಯ ತಂಡದಲ್ಲಿ ಎಡೆ ದೊರೆಯದಾದಾಗ 2023ರಲ್ಲಿ ವಿದರ್ಭಕ್ಕೆ ಬಂದರು. ಕಪ್ಪು ಕೈಸೇರಿದ ಬಳಿಕ ಅದೇ 2025ರಲ್ಲಿ ಕರ್ನಾಟಕ ತಂಡಕ್ಕೆ ಮರಳಿದರು. ನಾಳೆ ಈ ಪ್ರಾಂತದ ಕ್ರೀಡಾಪಟುಗಳ ಸ್ಮರಣಾರ್ಥವಾಗಿ ಕೀರ್ತಿಮಂದಿರವೊಂದು ಎದ್ದರೆ ಅದರಲ್ಲಿ ಇಂಥವರ ಚಿತ್ರಕ್ಕೆ ಸ್ಥಳವುಂಟೆ?

ಜಗತ್ತಿನ ಮಟ್ಟದಲ್ಲಿ ಈ ಪ್ರಶ್ನೆ ಅಷ್ಟು ಜಟಿಲವಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯು 2009ರಲ್ಲಿ ಆರಂಭಿಸಿದ ಕೀರ್ತಿಪಟ್ಟಿಗೆ 2015ರಲ್ಲಿ ಅನಿಲ್ ಕುಂಬ್ಳೆಯವರೂ 2018ರಲ್ಲಿ ರಾಹುಲ್ ದ್ರಾವಿಡರೂ ಸೇರಿದರು. ಅವರ ಸಾಧನೆಯ ಅಂಕಿಗಳೇ ಅವರ ಪರವಾಗಿ ವಾದಿಸಿದವು. ಪ್ರಾಂತೀಯ ಕೀರ್ತಿಮಂದಿರಕ್ಕಾದರೋ 'ನಮ್ಮವರು' ಯಾರೆಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ. ಇಲ್ಲಿ ಹುಟ್ಟಿದವರೆ? ಇಲ್ಲಿ ಆಡಿದವರೆ? ಅಥವಾ ಇಲ್ಲಿಯ ಆಟಕ್ಕಾಗಿ ದುಡಿದವರೆ?

1895ರಲ್ಲಿ ನಾಗಪುರದಲ್ಲಿ ಜನಿಸಿದ ಸಿ. ಕೆ. ನಾಯುಡು ಅವರು 1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತದ ಪ್ರಥಮ ಟೆಸ್ಟ್ ತಂಡವನ್ನು ನಡೆಸಿದರು. ಅವರದು ತೆಲುಗು ಮನೆತನ. ಆಟದ ಉತ್ತರಾರ್ಧದ ಕೀರ್ತಿಯೆಲ್ಲ ಇಂದೋರಿನ ಹೋಳ್ಕರ್ ತಂಡಕ್ಕೆ ಸಂದಿತು. ಆದರೂ ನಾಗಪುರವು ಅವರನ್ನು ತನ್ನವರೆಂದೇ ಬಗೆಯುತ್ತದೆ. ಅದು ಉಚಿತವೂ ಹೌದು. ಆದರೆ ಜನ್ಮಸ್ಥಳವೊಂದನ್ನೇ ಅಳತೆಗೋಲಾಗಿ ಹಿಡಿದರೆ, ವಿದರ್ಭಕ್ಕೆ ಕಪ್ಪು ತಂದುಕೊಟ್ಟ ಎಷ್ಟೋ ಮಂದಿ ಹೊರಗುಳಿಯುವರು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ನಡೆದ ಸೆಮಿಫೈನಲಿನಲ್ಲಿ ವಿದರ್ಭವು ಕರ್ನಾಟಕವನ್ನು ಕೇವಲ 5 ರನ್ನುಗಳಿಂದ ಸೋಲಿಸಿತು. ಎರಡನೆಯ ಇನ್ನಿಂಗ್ಸಿನಲ್ಲಿ 81 ರನ್ನು ಹೊಡೆದು ಆ ಗೆಲುವಿಗೆ ಆಧಾರವಾದವರು ಕರ್ನಾಟಕದಿಂದಲೇ ಬಂದ ಗಣೇಶ್ ಸತೀಶ್. ಆ ತಂಡದ ವಾಸಿಮ್ ಜಾಫರ್ ಹಾಗೂ ತರಬೇತುಗಾರ ಚಂದ್ರಕಾಂತ್ ಪಂಡಿತ್ ಮುಂಬಯಿಯವರು. ಉಂಡ ಮನೆಗೆ ನಿಷ್ಠೆಯಿಂದ ದುಡಿದವರನ್ನು ಪರಕೀಯರೆನ್ನುವುದು ನ್ಯಾಯವಲ್ಲ.

ಆಟವಾಡಿದವರಷ್ಟೇ ಅಲ್ಲ, ಆಟವನ್ನು ಬದುಕಿಸಿದವರೂ ಗೌರವಾರ್ಹರು. ಬೆಂಗಳೂರಿನ ಕ್ರಿಕೆಟ್ ಕ್ರೀಡಾಂಗಣವು ಹೆಸರು ಪಡೆದದ್ದು ಆಟಗಾರನಿಂದಲ್ಲ, ವಕೀಲರೂ ಸಂಘಟಕರೂ ಆಗಿದ್ದ ಎಂ. ಚಿನ್ನಸ್ವಾಮಿಯವರಿಂದ. 1914ರಲ್ಲಿ ಸ್ಥಾಪಿತವಾದ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳವು 1936ರ ಬರ್ಲಿನ್ ಒಲಿಂಪಿಕ್ಸ್ ಕಾಲದಲ್ಲಿ ಭಾರತೀಯ ಆಟಗಳನ್ನು ಜಗತ್ತಿಗೆ ತೋರಿಸಿತು. ಕರ್ನಾಟಕ ಸರ್ಕಾರವು ದೇಶೀಯ ಆಟಗಳವರಿಗೆ ಕ್ರೀಡಾರತ್ನವನ್ನೂ, ಆಟಕ್ಕೆ ಆಶ್ರಯವಿತ್ತ ಸಂಸ್ಥೆಗಳಿಗೆ ಕ್ರೀಡಾಪೋಷಕ ಪ್ರಶಸ್ತಿಯನ್ನೂ ನೀಡುತ್ತಿರುವುದು ಮೆಚ್ಚತಕ್ಕ ಮಾದರಿ. ಮುಂಜಾನೆ ಎದ್ದು ಪಿಚ್ಚಿಗೆ ನೀರುಣಿಸಿ ರೋಲರ್ ಎಳೆಯುವವನೂ, ವರ್ಷಗಟ್ಟಲೆ ರನ್ನುಗಳ ಲೆಕ್ಕ ಬರೆದವನೂ ಈ ಸಾಲಿಗೆ ಸೇರಬೇಕು.

ಇದಕ್ಕೆ ಬೇಕಾದದ್ದು ಸರ್ವರಿಗೂ ತಿಳಿಯುವಂಥ ಲಿಖಿತ ನಿಯಮ. ಜನ್ಮ, ಆಟ, ಸೇವೆ, ಈ ಮೂರರಲ್ಲಿ ಯಾವುದಾದರೊಂದರಿಂದ ಅರ್ಹತೆ ದೊರೆಯಲಿ. ಆಯ್ಕೆಯ ಕಾರಣಗಳು ಬಹಿರಂಗವಾಗಿ ಪ್ರಕಟವಾಗಲಿ. ಪದಾಧಿಕಾರಿಗಳು ಅಧಿಕಾರದಲ್ಲಿರುವಷ್ಟು ಕಾಲ ತಮ್ಮ ಹೆಸರನ್ನು ತಾವೇ ಸೇರಿಸಿಕೊಳ್ಳದಿರಲಿ. ಇಲ್ಲದಿದ್ದರೆ ಕೀರ್ತಿಮಂದಿರವು ವಶೀಲಿಯ ಮಂದಿರವಾದೀತು.

ಲಕ್ಷ್ಮೀನಗರದ ಹೋಟೆಲುಗಳಲ್ಲಿ ದುಡಿಯುವ, ಕಚೇರಿಗಳಲ್ಲಿ ಲೇಖನಿ ಹಿಡಿದ ನಮ್ಮವರಿಗೆ ಇದರಿಂದ ಆಗಬೇಕಾದದ್ದೇನು ಎಂದು ಕೆಲವರು ಕೇಳಬಹುದು. ಅನ್ನವನ್ನರಸಿ ಬಂದ ಊರಿನಲ್ಲಿ ನಮ್ಮ ದುಡಿಮೆಗೆ ಸ್ಮರಣೆಯುಂಟೆ ಎಂಬುದೇ ಇಲ್ಲಿಯ ಮೂಲಪ್ರಶ್ನೆ. ಹೆಸರಾಂತ ಆಟಗಾರನ ದಾಖಲೆ ಪುಸ್ತಕಗಳಲ್ಲಿ ಉಳಿಯುತ್ತದೆ. ರಾತ್ರಿ ಹೋಟೆಲಿನ ಬಾಗಿಲೆಳೆದ ಮೇಲೆ ಕಬಡ್ಡಿ ಕಲಿಸಿದವನ ದಾಖಲೆಯನ್ನು ಕಾಪಾಡುವವರು ಯಾರು? ಆದುದರಿಂದ ಟ್ರಂಕಿನಲ್ಲಿ ಬಿದ್ದಿರುವ ಪ್ರಶಸ್ತಿಪತ್ರ, ತಂಡದ ಭಾವಚಿತ್ರಗಳ ಹಿಂದೆ ಹೆಸರು, ವರ್ಷ, ಸ್ಥಳಗಳನ್ನು ಬರೆದಿಡಿರಿ. ಅಕ್ಷರ ಬಲ್ಲ ಗುಮಾಸ್ತ ಬಂಧುಗಳು ಹಿರಿಯರ ಬಾಯಿಂದ ಕೇಳಿ ಪಟ್ಟಿ ಮಾಡಲಿ. ಮಂದಿರ ಎಂದಾದರೂ ಏಳಲಿ. ಅದರ ಬಾಗಿಲು ತೆರೆದ ದಿನ ನಾವು ಬರಿಗೈಯಲ್ಲಿ ನಿಲ್ಲಬಾರದು.